ದೂರದ ರೈಲಿಗೆ ಸೀಟ್ ಬುಕ್ ಮಾಡಿದೀರಾ? ಆವತ್ತು ಯಾವ ರೇಕ್ ಬರುತ್ತೆ ಅಂತನೂ ನೋಡ್ಕೊಳ್ಳಿ

ದೂರದ ಪ್ರಯಾಣಕ್ಕೆ ಸೀಟ್ ಬುಕ್ ಮಾಡಿ ನಿಶ್ಚಿಂತೆಯಾಗಿ ಕೂತಿರೋರು ಇದನ್ನ ಒಂದ್ಸಲ ಓದಿ. ಟಿಕೆಟ್ ಮೇಲೆ ಟೈಮ್ ಇರುತ್ತೆ, ಬೋಗಿ ನಂಬರ್, ಸೀಟ್ ನಂಬರ್ ಎಲ್ಲಾ ಇರುತ್ತೆ, ಆದ್ರೆ ಆವತ್ತು ಬರೋದು ಯಾವ ರೇಕ್, ಅಂದ್ರೆ ಜೋಡಿಸಿರೋ ಬೋಗಿಗಳ ಸಾಲು ಎಷ್ಟುದ್ದ, ಎಂಥಾ ಬೋಗಿ ಅಂತ ಮಾತ್ರ ಬರೆದಿರಲ್ಲ. ನಮಗೆ ಪೆಟ್ಟು ಬಿದ್ದಿದ್ದು ಅಲ್ಲೇ.

ಅಮ್ಮಂಗೆ ಮಂಡಿನೋವು, ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ, ಅದಕ್ಕೇ ಟಾಯ್ಲೆಟ್ ಹತ್ರ ಇರೋ ಎರಡು ಸೀಟು ತುಂಬಾ ಮುಂಚೆನೇ ತಗೊಂಡಿದ್ದೆ, ಎಫ್ ಬೋಗಿಯಲ್ಲಿ. ಪ್ಲಾಟ್‌ಫಾರ್ಮಲ್ಲಿ ಎಫ್ ಅಂತ ಬೋರ್ಡ್ ಹಾಕಿರೋ ಕಡೆನೇ ನಿಂತಿದ್ವಿ. ರೈಲು ಬಂತು, ನಮ್ಮ ಹತ್ರ ಬರೋಕೆ ಮುಂಚೆನೇ ನಿಂತ್‌ಬಿಡ್ತು. ನೋಡಿದ್ರೆ ಯಾವಾಗ್ಲೂ ಬರೋ ಉದ್ದನೆ ರೇಕ್ ಕೆಟ್ಟಿದೆಯಂತೆ, ಅದರ ಬದಲು ಲೋಕಲ್‌ಗೆ ಓಡಿಸೋ ಮೂರು ಮೂರು ಬೋಗಿಯ ಎರಡು ಸೆಟ್ ಜೋಡಿಸಿ ಕಳ್ಸಿದಾರೆ. ಅದರಲ್ಲಿ ಎಫ್ಫೂ ಇಲ್ಲ, ಬೇರೆ ಯಾವ ಅಕ್ಷರನೂ ಇಲ್ಲ. ಪ್ಲಾಟ್‌ಫಾರ್ಮ್ ಪೂರ್ತಿ ಜನ ಲಗೇಜ್ ಎಳ್ಕೊಂಡು ಓಡೋಕೆ ಶುರು ಮಾಡಿದ್ರು. "ಇವತ್ತು ರಿಸರ್ವೇಷನ್ ನಡಿಯಲ್ಲ, ಸಿಕ್ಕ ಕಡೆ ಹತ್ಕೊಳ್ಳಿ" ಅಂತ ಸಿಬ್ಬಂದಿಯೊಬ್ರು ಕೂಗಿದ್ರು, ಅಷ್ಟೇ.

ನಾವು ಹತ್ತಿದ್ದು ಮುಂದಿನ ಸೆಟ್‌ಗೆ. ಒಂದು ಕಡೆ ಮೂರು ಸೀಟು ಇನ್ನೊಂದು ಕಡೆ ಎರಡು, ಮಧ್ಯದ ದಾರಿಯಲ್ಲಿ ಒಬ್ರು ನಿಂತ್ರೆ ಇನ್ನೊಬ್ರು ದಾಟಂಗಿಲ್ಲ, ಮೇಲಿನ ರ‍್ಯಾಕಲ್ಲಿ ಒಂದು ಬ್ಯಾಕ್‌ಪ್ಯಾಕ್ ಹಿಡಿಸಿದ್ರೆ ದೊಡ್ಡದು. ಹಾಗಾಗಿ ಸೂಟ್‌ಕೇಸೆಲ್ಲಾ ಬಾಗಿಲ ಹತ್ರ ರಾಶಿ ಬಿತ್ತು. ಆ ಸೆಟ್‌ಗೆ ಇರೋದೇ ಒಂದು ಟಾಯ್ಲೆಟ್, ಅದರ ಬಾಗಿಲು ಆ ರಾಶಿಗೆ ತಾಗಿ ಅರ್ಧಕ್ಕಿಂತ ಜಾಸ್ತಿ ತೆಗೀತಿರಲಿಲ್ಲ, ಹೋಗೋರೆಲ್ಲ ಅಡ್ಡಡ್ಡ ನುಸುಳ್ಕೊಂಡು ಹೋಗ್ತಿದ್ರು. ಅಮ್ಮ ನಮ್ಮ ಸೂಟ್‌ಕೇಸ್ ಮೇಲೆನೇ ಕೂತ್ಕೊಂಡ್ರು. ಲೋಕಲ್ ಬೋಗಿ ಆದ್ರಿಂದ ಬಾಗಿಲು ಬೋಗಿ ಮಧ್ಯಕ್ಕೇ ಇರುತ್ತೆ, ಪ್ರತಿ ಸ್ಟೇಷನ್ನಲ್ಲೂ ಇಳಿಯೋರಿಗೆ ದಾರಿ ಬಿಡೋಕೆ ಅವರು ಎದ್ದು ನಿಲ್ಲಬೇಕು, ಆಮೇಲೆ ಕೂರಬೇಕು. ಕಿಟಕಿ ತೆಗೆಯಂಗಿಲ್ಲ, ಎಸಿ ಅಷ್ಟು ಜನಕ್ಕೆ ಸಾಲ್ತಿರಲಿಲ್ಲ. 2010ರ ಜುಲೈನಲ್ಲಿ ಜರ್ಮನಿಯ ಐಸಿಇ ಅನ್ನೋ ಹೈಸ್ಪೀಡ್ ರೈಲುಗಳಲ್ಲಿ ಎಸಿ ಕೈಕೊಟ್ಟು ಜನ ತಲೆಸುತ್ತಿ ಬಿದ್ದಿದ್ರಲ್ಲ, ಆ ಎಸಿಗಳನ್ನ ಹೊರಗಡೆ 32 ಡಿಗ್ರಿವರೆಗೆ ಅಂತ ಲೆಕ್ಕ ಹಾಕಿ ಮಾಡಿದ್ರಂತೆ. ತೆರೆಯೋ ಕಿಟಕಿ ಇಲ್ಲದ ಬೋಗಿಯಲ್ಲಿ ಎಸಿ ನಿಂತ್ರೆ ಆಟ ಮುಗೀತು.

ಆದ್ರೆ ನಿಜವಾಗಿ ಸಿಟ್ಟು ಬಂದಿದ್ದು ಯಾವಾಗ ಗೊತ್ತಾ, ಅರ್ಧ ದಾರಿಯಲ್ಲಿ ಗಾಳಿಗೆ ಅಂತ ಇಳಿದು ಹಿಂದೆ ನೋಡಿದಾಗ. ಹಿಂದಿನ ಸೆಟ್ಟಲ್ಲಿ ಸೀಟು ಖಾಲಿ ಇತ್ತು ರೀ! ಎರಡು ಸೆಟ್ ಸೇರೋ ಕಡೆ ಡ್ರೈವರ್ ಕ್ಯಾಬಿನ್‌ಗಳು ಮೂತಿಗೆ ಮೂತಿ ತಾಗಿಸ್ಕೊಂಡು ನಿಂತಿವೆ, ಒಳಗಡೆಯಿಂದ ದಾಟೋ ದಾರಿನೇ ಇಲ್ಲ. ಟಿಕೆಟ್ ನೋಡೋರು ಹಿಂದಿನ ಸೆಟ್ಟಲ್ಲೇ ಇದ್ರು, ಅವರಿಗೆ ಮುಂದೆ ಏನಾಗ್ತಿದೆ ಅಂತ ಗೊತ್ತೇ ಇಲ್ಲ. ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋ ದೊಡ್ಡ ಸ್ಟೇಷನ್ ಬಂದ್ಮೇಲೆನೇ ಅಮ್ಮನ್ನ ಇಳಿಸಿ ಹಿಂದಕ್ಕೆ ಕರ್ಕೊಂಡು ಹೋಗಿದ್ದು.

ಇದು ಒಂದಿನದ ಗ್ರಹಚಾರ ಅಂತ ಬಿಡೋಣ ಅಂದ್ರೆ ಬಿಡೋಕಾಗಲ್ಲ, ಯಾಕಂದ್ರೆ ಎಂಥಾ ರೈಲು ಕೊಳ್ಳಬೇಕು ಅಂತ ವರ್ಷಗಳ ಹಿಂದೆ ತೀರ್ಮಾನ ಮಾಡಿದಾಗಲೇ ಇದು ಶುರುವಾಗಿರುತ್ತೆ. ಇಂಜಿನ್ ಎಳೆಯೋ ರೈಲಾದ್ರೆ ರಶ್ ಇರೋ ದಿನ ಒಂದೆರಡು ಬೋಗಿ ಹೆಚ್ಚಿಗೆ ತಗುಲಿಸಬಹುದು, ಬೋಗಿ ಮತ್ತು ಪ್ಲಾಟ್‌ಫಾರ್ಮ್ ಇದ್ರೆ ಸಾಕು. ಬೋಗಿಗಳನ್ನ ಕಾಯಂ ಆಗಿ ಜೋಡಿಸಿರೋ, ಬೇರೆ ಇಂಜಿನ್ ಬೇಡದ ಸೆಟ್ ರೈಲಲ್ಲಿ ಆ ಆಟ ನಡಿಯಲ್ಲ, ಇದ್ದಷ್ಟೇ ಉದ್ದ, ಇಲ್ಲಾಂದ್ರೆ ಇನ್ನೊಂದು ಪೂರ್ತಿ ಸೆಟ್ಟೇ ಬೇಕು. ಅದರಿಂದ ಅನುಕೂಲನೂ ಇದೆ, ಬೇಗ ಸ್ಪೀಡ್ ಹಿಡಿಯುತ್ತೆ, ಕೊನೇ ಸ್ಟೇಷನ್ನಲ್ಲಿ ಇಂಜಿನ್ ತಿರುಗಿಸೋ ತಾಪತ್ರಯ ಇಲ್ಲ, ಅದನ್ನ ಇಲ್ಲ ಅನ್ನಲ್ಲ. ಬ್ರಿಟನ್ನಲ್ಲಿ 2002ರಲ್ಲಿ ಹಲವು ಊರು ದಾಟಿ ಹೋಗೋ ದೂರದ ಮಾರ್ಗಗಳಲ್ಲಿ ಏಳು ಬೋಗಿಯ ಹಳೇ ಡೀಸೆಲ್ ರೈಲು ತೆಗೆದು ನಾಲ್ಕು-ಐದು ಬೋಗಿಯ ವಾಯೇಜರ್ ಸೆಟ್ ಹಾಕಿದ್ರು, ಗಿಡ್ಡ ಆದ್ರೇನಂತೆ ಜಾಸ್ತಿ ಸಲ ಓಡಿಸ್ತೀವಲ್ಲ ಅನ್ನೋ ಲೆಕ್ಕ. ಕಾಗದದ ಮೇಲೆ ಸರಿನೇ, ಆದ್ರೆ ರೈಲು ಜಾಸ್ತಿ ಆದ್ಮೇಲೆ ಜನಾನೂ ಜಾಸ್ತಿ ಬಂದ್ರು, ನಿಂತ್ಕೊಂಡು ಹೋಗೋದು ಮಾಮೂಲಾಯ್ತು. ಅದೇ ಫ್ರಾನ್ಸ್ ನೋಡಿ, 1996ರಿಂದ ಡಬಲ್ ಡೆಕ್ಕರ್ ಟಿಜಿವಿ (ಅಲ್ಲಿನ ಹೈಸ್ಪೀಡ್ ರೈಲು) ತಂದು ಪ್ಲಾಟ್‌ಫಾರ್ಮ್ ಉದ್ದ ಮಾಡದೆನೇ ಸುಮಾರು ಶೇ. 45ರಷ್ಟು ಜಾಸ್ತಿ ಸೀಟು ಹಿಡಿಸಿದ್ರು.

ಬೋಗಿ ಎಣಿಸಿದ್ರೂ ಸಾಲಲ್ಲ. ನಮ್ಮ ದೇಶದ್ದೇ ತಗೊಳ್ಳಿ, ಹಳೇ ಐಸಿಎಫ್ ಮಾದರಿಯ ಸ್ಲೀಪರ್ ಬೋಗಿಗೆ 72 ಬರ್ತ್, ಎಲ್‌ಎಚ್‌ಬಿ ಅನ್ನೋ ಹೊಸ ಮಾದರಿಗೆ 80, ಆದ್ರೆ ಎಲ್‌ಎಚ್‌ಬಿ ಉದ್ದ ಜಾಸ್ತಿ ಇರೋದ್ರಿಂದ 24 ಬೋಗಿ ನಿಲ್ತಿದ್ದ ಕಡೆ 22 ನಿಲ್ಲುತ್ತೆ. ಇನ್ನು ಸ್ಲೀಪರ್ ತೆಗೆದು ಅದೇ ಜಾಗಕ್ಕೆ ಎಸಿ ಬೋಗಿ ಹಾಕಿದ್ರೆ ಹೊರಗಿಂದ ರೈಲು ಅಷ್ಟೇ ಉದ್ದ ಕಾಣುತ್ತೆ, ಕಮ್ಮಿ ದುಡ್ಡಲ್ಲಿ ಹೋಗೋರು ಮಾತ್ರ ಉಳಿದಿರೋ ಬೋಗಿಗೆ ನುಗ್ಗಬೇಕು.

ಹಾಗಾಗಿ ಹೊರಡೋ ಹಿಂದಿನ ರಾತ್ರಿ ಒಂದ್ಸಲ, ಮನೆ ಬಿಡೋ ಮುಂಚೆ ಇನ್ನೊಂದ್ಸಲ ಆಪಲ್ಲಿ ಬೋಗಿಗಳ ಜೋಡಣೆ ನೋಡಿ. ಪ್ಲಾಟ್‌ಫಾರ್ಮ್ ಬೋರ್ಡ್ ನಂಬಬೇಡಿ, ಅದು ಮಾಮೂಲಿ ರೇಕ್‌ಗೆ ಹಾಕಿರೋದು. ರೈಲಿನ ಮಧ್ಯ ಎರಡು ಮೂತಿ ಸೇರಿರೋದು ಕಂಡ್ರೆ ಹತ್ತೋಕೆ ಮುಂಚೆನೇ ಯಾವ ಸೆಟ್ ಖಾಲಿ ಇದೆ, ಎರಡೂ ಕೊನೇವರೆಗೆ ಹೋಗುತ್ತಾ ಅಂತ ಕೇಳಿ, ಕೆಲವು ಕಡೆ ಮಧ್ಯದಲ್ಲೇ ಬಿಡಿಸಿ ಒಂದನ್ನ ಬೇರೆ ದಾರಿಗೆ ಕಳಿಸ್ತಾರೆ. ವಯಸ್ಸಾದೋರ ಮಾತ್ರೆ, ನೀರು ದೊಡ್ಡ ಸೂಟ್‌ಕೇಸಲ್ಲಿ ಇಡಬೇಡಿ, ಒಮ್ಮೆ ರಾಶಿ ಅಡಿಗೆ ಸೇರಿದ್ರೆ ಇಳಿಯೋವರೆಗೂ ಕೈಗೆ ಸಿಗಲ್ಲ.

ಬೋಗಿ ನಂಬರ್ ಇಲ್ಲದ ರೈಲಿನ ಫೋಟೋ, ನಿಂತಿರೋ ಜನರ ಫೋಟೋ ತೆಗೆದಿಟ್ಕೊಳ್ಳಿ. ನಾನು ಕಂಪ್ಲೇಂಟ್ ಕೊಟ್ಟಾಗ ಮೊದಲು ಕೇಳಿದ್ದೇ ಅದನ್ನ. ಸೀಟ್ ರಿಸರ್ವೇಷನ್ ದುಡ್ಡು ವಾಪಸ್ ಬಂತು, ಟಿಕೆಟ್ ದುಡ್ಡಿಗೆ ಮಾತ್ರ "ನೀವು ಸಮಯಕ್ಕೆ ಸರಿಯಾಗಿ ತಲುಪಿದ್ದೀರಿ" ಅಂತ ಉತ್ತರ. ಮಾಮೂಲಿ ರೇಕ್ ಇನ್ನೂ ರಿಪೇರಿಯಲ್ಲೇ ಇದೆಯಂತೆ, ರಜೆ ಮುಗಿಯೋವರೆಗೂ ಆ ಗಿಡ್ಡ ಸೆಟ್ಟೇ ಓಡುತ್ತಂತೆ.