ಕ್ರಾಸ್ ಸ್ಟಿಚ್ ಬಟ್ಟೆಗೆ ಚೌಕದ ಗೆರೆ: ಪೆನ್ನೋ, ದಾರವೋ?

ಧಾರವಾಡದ ಕಸೂತಿಯಲ್ಲಿ ಮೆಂತೆ ಹೊಲಿಗೆ, ಅಂದರೆ ಕ್ರಾಸ್ ಸ್ಟಿಚ್‌ನ ಬಗೆಯ ಹೊಲಿಗೆ, ಹಾಕುವವರು ಬಟ್ಟೆಯ ಮೇಲೆ ಏನನ್ನೂ ಬರೆದುಕೊಳ್ಳದೆ ಎಳೆ ಎಣಿಸಿಯೇ ಮುಗಿಸುತ್ತಾರೆ. ಆದರೆ 200 ಮನೆ (ಒಂದು ಹೊಲಿಗೆ ಕೂರುವ ಚೌಕ) ಅಗಲ, 280 ಮನೆ ಎತ್ತರದ ಚಿತ್ರವನ್ನು ಚೌಕ ಚೌಕವಾಗಿ ನೇಯ್ದ, ಇಂಚಿಗೆ 14 ಮನೆಗಳಿರುವ ಐಡಾ ಬಟ್ಟೆಯಲ್ಲಿ ತೆಗೆಯಹೊರಟರೆ ಅದು 20 ಇಂಚು ಎತ್ತರದ ಕೆಲಸವಾಗುವುದರಿಂದ, ಎಣಿಕೆ ತಪ್ಪದಿರಲು ನಕ್ಷೆಯ ದಪ್ಪ ಗೆರೆಗಳಿಗೆ ಹೊಂದುವಂತೆ 10 ಮನೆಗೊಂದು ಗೆರೆ ಹಾಕಿಕೊಳ್ಳುವುದೇ ಜಾಣತನ.

ನೀರಿಗೆ ಹೋಗುವ ನೀಲಿ ಪೆನ್ನಿನಿಂದ ಈ ಕೆಲಸ ಬೇಗ ಮುಗಿಯುತ್ತದೆ. ಆದರೆ ಹುಬ್ಬಳ್ಳಿಯ ಏಪ್ರಿಲ್ ಸೆಕೆಯಲ್ಲಿ ಅಂಗೈಯ ಬೆವರಿಗೇ ಗೆರೆ ಮಾಸಬಹುದು. ತಣ್ಣೀರಿನಲ್ಲಿ ತೊಳೆಯುವ ಮೊದಲೇ ಇಸ್ತ್ರಿ ಮಾಡಿದರಂತೂ ಅದು ಬಟ್ಟೆಗೆ ಕಚ್ಚಿಕೊಳ್ಳುವ ಅಪಾಯವಿದೆ. ಬಿಸಿಗೆ ಅಳಿಯುವ ಪೆನ್ನಿನ ಶಾಯಿ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ, ಕೊರೆಯುವ ಥಂಡಿಯಲ್ಲಿ ಮರಳಿ ಕಾಣಿಸಬಹುದು. ನಮ್ಮ ಊರಿನ ಚಳಿಗೆ ಆ ಭಯವಿಲ್ಲ, ಹಿಮ ಬೀಳುವ ದೇಶದಲ್ಲಿರುವ ಮಗಳಿಗೆ ಕಳಿಸುವುದಾದರೆ ಮಾತ್ರ ಯೋಚಿಸಬೇಕು.

ದಾರದ ಗೆರೆಗೆ ಒಂದೆರಡು ಸಂಜೆಗಳೇ ಬೇಕು. ಸಾದಾ ಹೊಲಿಗೆ ದಾರವಾದರೆ ಸೂಜಿ ಅದರ ಎಳೆಯನ್ನು ಸೀಳಿಕೊಂಡು ಹೋಗಿ, ಕೊನೆಗೆ ಎಳೆದಾಗ ಅದು ಹೊಲಿಗೆಯೊಳಗೇ ಸಿಕ್ಕಿ ತುಂಡಾಗುತ್ತದೆ. ಮಣಿ ಪೋಣಿಸುವ ತೆಳು ನೈಲಾನ್ ದಾರವನ್ನು ಸೂಜಿ ಸುಲಭವಾಗಿ ಸೀಳದು. ತುದಿಗೆ ಗಂಟು ಹಾಕದೆ ಬಿಟ್ಟಿದ್ದರೆ ಎಳೆದೊಡನೆ ನುಣುಪಾಗಿ ಜಾರಿ ಬರುತ್ತದೆ. ಬಿಳಿ ಬಟ್ಟೆಗೆ ಕೆಂಪು ಬಣ್ಣದ್ದನ್ನೇ ಕೊಳ್ಳಿರಿ, ಪಾರದರ್ಶಕವಾದದ್ದು ಕಣ್ಣಿಗೆ ಕಾಣುವುದಿಲ್ಲ.

ತಿಂಗಳೊಳಗೆ ಮುಗಿಯುವ ಕೆಲಸಕ್ಕೆ ನೀಲಿ ಪೆನ್ನು ಸಾಕು. ವರ್ಷಗಟ್ಟಲೆ ಹಿಡಿಯುವ ಚಿತ್ರಕ್ಕೆ ನಾನಂತೂ ನೈಲಾನ್ ದಾರವನ್ನೇ ಆರಿಸುತ್ತೇನೆ.