ವೇಲ್ಸ್‌ನಿಂದ ಬಂದ ಮುತ್ತಜ್ಜನ ಊರು: ದುಡ್ಡಿನ ವೆಬ್‌ಸೈಟಿಗಿಂತ ಹಳೇ ಪತ್ರಿಕೆಯೇ ವಾಸಿ

ಮೊದಲೇ ಹೇಳಿಬಿಡುತ್ತೇನೆ. ವೇಲ್ಸ್‌ನಿಂದ ವಲಸೆ ಬಂದ ಹಿರಿಯರ ಬೇರು ಹುಡುಕುವವರು ಎಲ್ಲೂ ದುಡ್ಡು ಕಟ್ಟುವ ಮುಂಚೆ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ಹಳೇ ಪತ್ರಿಕೆಗಳನ್ನು ನೋಡಿ. ಆನ್‌ಲೈನ್‌ನಲ್ಲೇ ಹನ್ನೊಂದು ಲಕ್ಷ ಪುಟಗಳಿವೆ, ಎಲ್ಲಾ ಉಚಿತ. ನಾನು ಇದನ್ನು ಉಲ್ಟಾ ಮಾಡಿದೆ. ಮೊದಲು ಒಂದು ದೊಡ್ಡ ವಂಶಾವಳಿ ವೆಬ್‌ಸೈಟಿಗೆ ಆರು ತಿಂಗಳ ಚಂದಾ ಕಟ್ಟಿದೆ, ಪತ್ರಿಕೆಗಳ ಕಡೆ ಕೊನೆಗೆ ಹೋದೆ.

ನಾನು ಹಾಸನದ ಕಡೆಯವಳು. ಮದುವೆಯಾಗಿ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ನಮ್ಮತ್ತೆಯ ಮುತ್ತಜ್ಜ 1869ರಲ್ಲಿ ವೇಲ್ಸ್ ಬಿಟ್ಟು ಬಂದು ಇಲ್ಲಿನ ಸ್ಕ್ರ್ಯಾಂಟನ್‌ನ ಕಲ್ಲಿದ್ದಲು ಗಣಿಗೆ ಸೇರಿದವರು. 1900ರ ಅಮೆರಿಕದ ಜನಗಣತಿಯಲ್ಲಿ ಅವರು ಬಂದ ವರ್ಷ ಇದೆ. ಹುಟ್ಟಿದ್ದೆಲ್ಲಿ ಅಂದರೆ ಬರೀ 'ವೇಲ್ಸ್'. ಅತ್ತೆಗೆ ಎಂಬತ್ತು ತುಂಬುವ ಮುಂಚೆ ಆ ಊರಿನ ಹೆಸರು ಅವರ ಕೈಗೆ ಕೊಡಬೇಕು ಅಂತ ನನಗೆ ಆಸೆ.

ತೊಡಕು ಶುರುವಾಗುವುದು ಹೆಸರಿನಿಂದ. ಅಡ್ಡಹೆಸರು ಡೇವಿಸ್. ಹಿಂದೆ ವೇಲ್ಸ್‌ನಲ್ಲಿ ಅಡ್ಡಹೆಸರೇ ಇರಲಿಲ್ಲ, 'ಅಪ್', ಅಂದರೆ 'ಮಗ', ಅಂತ ಸೇರಿಸಿ ಅಪ್ಪನ ಹೆಸರು ಹೇಳುತ್ತಿದ್ದರು. ಆಮೇಲೆ ಆ ಅಪ್ಪಂದಿರ ಹೆಸರುಗಳೇ ಜೋನ್ಸ್, ಡೇವಿಸ್, ಇವಾನ್ಸ್ ಅಂತ ನಿಂತುಬಿಟ್ಟವು. ನನ್ನ ಪಾಸ್‌ಪೋರ್ಟಿನಲ್ಲೂ ಸರ್‌ನೇಮ್ ಜಾಗದಲ್ಲಿ ಇರುವುದು ಅಪ್ಪನ ಹೆಸರೇ, ಹಾಗಾಗಿ ಇದು ನನಗೆ ಬೇಗ ಅರ್ಥವಾಯಿತು. ಆದರೆ ಒಂದೊಂದು ಕಣಿವೆಯಲ್ಲೂ ಅದೇ ಹೆಸರಿನ ಅದೇ ವಯಸ್ಸಿನ ಹತ್ತು ಜನ ಇರುತ್ತಾರೆ.

ದುಡ್ಡಿನ ಸೈಟ್ ಸೋತಿದ್ದು ಇಲ್ಲೇ. ಅದು ಕೊಟ್ಟ 'ಸುಳಿವು' ಹಿಡಿದು ಹೋದರೆ ಬೇರೆ ಯಾರೋ ಕಟ್ಟಿದ ವಂಶವೃಕ್ಷ. ಅದರಲ್ಲಿ ನಮ್ಮ ಡೇವಿಸ್ ವೇಲ್ಸ್‌ನ ಕಾರ್ಡಿಗನ್‌ಶೈರ್ ಜಿಲ್ಲೆಯವರು. ಎರಡು ತಿಂಗಳು ಅದನ್ನೇ ನಂಬಿದೆ. ಕೊನೆಗೆ ನೋಡಿದರೆ ಆ ಮನುಷ್ಯ 1871ರ ಜನಗಣತಿಯಲ್ಲೂ ವೇಲ್ಸ್‌ನಲ್ಲೇ ಇದ್ದಾನೆ! ಹಡಗಿನ ಪಟ್ಟಿಯೂ ಕೈಕೊಟ್ಟಿತು. ಬ್ರಿಟನ್ನಿನಿಂದ ಹೊರಟವರ ಪಟ್ಟಿ ಉಳಿದಿರುವುದು 1890ರಿಂದ ಈಚೆಗೆ ಮಾತ್ರ. ಚರ್ಚಿನ ದಾಖಲೆಗಳ ಚಿತ್ರಗಳು ಮಾತ್ರ ಚೆನ್ನಾಗಿದ್ದವು, ಅದನ್ನು ಒಪ್ಪಬೇಕು.

ಫ್ಯಾಮಿಲಿಸರ್ಚ್ ಅನ್ನುವ ಇನ್ನೊಂದು ವಂಶಾವಳಿ ವೆಬ್‌ಸೈಟ್ ಪೂರ್ತಿ ಉಚಿತ. ಖಾತೆ ತೆರೆದರೆ ಸಾಕು. ಕೆಲವು ಮೂಲ ಪುಟಗಳನ್ನು ನೋಡಲು ಅವರ ಕೇಂದ್ರಕ್ಕೇ ಹೋಗಬೇಕು. ಊರು ಗೊತ್ತಿದ್ದರೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ನನಗೆ ಗೊತ್ತಿಲ್ಲದ್ದೇ ಊರು, ಅಲ್ವಾ?

ಇನ್ನು ಪತ್ರಿಕೆಗಳು. ವೇಲ್ಸ್‌ನ ಆಬರ್‌ಡೇರ್ ಊರಿನಿಂದ ಬರುತ್ತಿದ್ದ 'ತರ್ಯನ್ ಅ ಗ್ವೈಥ್ಯುರ್', ಅಂದರೆ 'ಕಾರ್ಮಿಕನ ಗುರಾಣಿ', ಗಣಿಯವರ ಮನೆಮನೆಗೂ ಹೋಗುತ್ತಿದ್ದ ವೆಲ್ಷ್ ಭಾಷೆಯ ವಾರಪತ್ರಿಕೆ. ಅಮೆರಿಕದಲ್ಲಿ ಸತ್ತವರ ಸುದ್ದಿಯೂ ಇಂಥ ಪತ್ರಿಕೆಗಳಿಗೆ ಬರುತ್ತಿತ್ತು. ಡೇವಿಸ್ ಜೊತೆಗೆ ಸ್ಕ್ರ್ಯಾಂಟನ್‌ನ ವೆಲ್ಷ್ ಬಡಾವಣೆ ಹೈಡ್ ಪಾರ್ಕ್ ಹೆಸರು ಹಾಕಿ, ಅವರು ತೀರಿಕೊಂಡ 1903ನೇ ವರ್ಷ ಕೊಟ್ಟು ಹುಡುಕಿದೆ. ಮೂರನೇ ರಾತ್ರಿ ಸಿಕ್ಕಿತು. ಸಣ್ಣ ಅಕ್ಷರದ ನಾಲ್ಕೇ ಸಾಲು. ಹೆಸರು, ಹೆಂಡತಿ ಹೆಸರು, ತೀರಿಕೊಂಡ ದಿನ, ಎಲ್ಲಾ ಹೊಂದಿತು. ಕೊನೆಯಲ್ಲಿ 'ಗಿಂಟ್ ಓ ಬೆಂಡೆರಿನ್', ಅಂದರೆ 'ಹಿಂದೆ ಬೆಂಡೆರಿನ್‌ನವರು'.

ಖುಷಿಯಲ್ಲಿ ಮ್ಯಾಪ್ ತೆಗೆದೆ. ಬೆಂಡೆರಿನ್ ಅನ್ನುವ ಊರೇ ಇಲ್ಲ. ಜನಗಣತಿಯಲ್ಲಿ ಹಾಕಿದೆ, ಇಲ್ಲ. ಹಳೇ ಊರುಗಳ ಪಟ್ಟಿಯಲ್ಲಿ ಇಲ್ಲ. ಅಚ್ಚು ತಪ್ಪಿರಬಹುದು ಅಂತ ಒಂದೊಂದು ಅಕ್ಷರ ಬದಲಿಸಿ ನೋಡಿದೆ, ಆದರೆ ಮೊದಲ ಅಕ್ಷರ ಮುಟ್ಟಲಿಲ್ಲ. ಹತ್ತು ದಿನ ಹೀಗೇ ಹೋಯಿತು.

ಸ್ಕ್ರ್ಯಾಂಟನ್‌ನಲ್ಲಿ ವೆಲ್ಷ್ ಕಲಿತ ಹಿರಿಯರೊಬ್ಬರನ್ನು ಕೇಳಿದೆ. 'ಬ ತೆಗೆದು ಪ ಹಾಕಮ್ಮ' ಅಂದರು. ಊರು ಪೆಂಡೆರಿನ್. ವೆಲ್ಷ್‌ನಲ್ಲಿ 'ಓ', 'ಇ' ಥರದ ಪದಗಳ ಮುಂದೆ ಕ ತ ಪ ಬಂದರೆ ಗ ದ ಬ ಆಗುತ್ತವಂತೆ. ಕೇಳಿ ಮೈ ಜುಮ್ಮೆಂದಿತು. ಇದು ನಮ್ಮ ಆದೇಶ ಸಂಧಿ! ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ಪೆನ್ಸಿಲ್ವೇನಿಯಾದಲ್ಲಿ ಉಪಯೋಗಕ್ಕೆ ಬಂತು. 'ಪೆಂಡೆರಿನ್‌ನಲ್ಲಿ' ಅನ್ನುವಾಗ ಪ ಹೋಗಿ 'ಮ್ಹ' ಆಗುತ್ತದೆ, ಅದನ್ನೂ ಹಾಕಿ ಹುಡುಕಬೇಕು. ಒಂದೂರಿಗೆ ಮೂರು ಸಲ ಹುಡುಕಾಟ. ಮ ಕೂಡ ಬದಲಾಗುತ್ತದೆ, ಮರ್ಥಿರ್ ಅನ್ನುವ ಊರು 'ಓ ವರ್ಥಿರ್' ಆಗುತ್ತದೆ.

ಪೆಂಡೆರಿನ್ ಆಗ ಬ್ರೆಕನ್‌ಶೈರ್ ಜಿಲ್ಲೆಗೆ ಸೇರಿತ್ತು. ನಾನು ಅಷ್ಟು ದಿನ ಗ್ಲಾಮೋರ್ಗನ್ ಜಿಲ್ಲೆ ಮಾತ್ರ ಸೋಸುತ್ತಿದ್ದೆ. ಊರು ಸಿಕ್ಕ ಮೇಲೆ ಫ್ಯಾಮಿಲಿಸರ್ಚ್‌ನಲ್ಲಿ 1861ರ ಜನಗಣತಿ ಹತ್ತು ನಿಮಿಷದ ಕೆಲಸ. ಹನ್ನೆರಡು ವರ್ಷದ ಹುಡುಗ, ಅಪ್ಪ, ಅಮ್ಮ, ಇಬ್ಬರು ತಂಗಿಯರು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನನ ನೋಂದಣಿ 1837ರಿಂದ ಇದೆ. ಅದರ ಸರ್ಕಾರಿ ಸೂಚಿಯಲ್ಲಿ ತಾಯಿಯ ಮದುವೆಗೆ ಮುಂಚಿನ ಅಡ್ಡಹೆಸರೂ ಸಿಕ್ಕಿತು.

ನಾನು ಕೂರುವುದು ಮಗು ಮಲಗಿದ ಮೇಲೆ, ವಾರಕ್ಕೆ ಎರಡು ರಾತ್ರಿ. ತಿಂಗಳ ಚಂದಾ ನನಗೆ ದಂಡ. ದಿನವೂ ಕೂತು ಚರ್ಚಿನ ದಾಖಲೆ ಓದುವವರಿಗೆ ಅದು ಸರಿ ಹೋಗಬಹುದು. ನಾನು ಚಂದಾ ನಿಲ್ಲಿಸಿ, ಆ ದುಡ್ಡಿನಲ್ಲಿ ಮುತ್ತಜ್ಜನ ಮತ್ತು ತಂಗಿಯರ ಜನನ ಪ್ರಮಾಣಪತ್ರ ತರಿಸಿದೆ. ಅದೇ ಗ್ರಂಥಾಲಯದಲ್ಲಿ 1858ಕ್ಕಿಂತ ಹಿಂದಿನ ಉಯಿಲುಗಳೂ ಉಚಿತವಾಗಿವೆ. ಮುಂದಿನ ವಾರ ಅದಕ್ಕೆ ಕೈ ಹಾಕುತ್ತೇನೆ. ಅತ್ತೆ ಪತ್ರಿಕೆಯ ಆ ನಾಲ್ಕು ಸಾಲಿನ ಪ್ರಿಂಟನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ. ಬೆಂಡೆರಿನ್ ಅನ್ನುವುದರ ಮೇಲೆ ಪೆನ್ಸಿಲ್ಲಿನಲ್ಲಿ ಒಂದು 'ಪ' ಬರೆದುಕೊಟ್ಟಿದ್ದೇನೆ.