ಮಲೆನಾಡಿನ ನಡಿಗೆಗೆ ಟೋಪೋಶೀಟ್ ಮತ್ತು ಓಪನ್‌ಟೋಪೋಮ್ಯಾಪ್: ಹಲವು ವರ್ಷಗಳ ಬಳಕೆಯ ಮೇಲೆ ಬರೆದ ವಿಮರ್ಶೆ

ಮಲೆನಾಡಿನ ಹಳ್ಳಿಗಳ ನಡುವೆ, ಗುಡ್ಡ ಮತ್ತು ಬ್ಯಾಣಗಳ (ಹುಲ್ಲುಗಾವಲುಗಳ) ಮೇಲೆ ಕಾಲ್ನಡಿಗೆಯಲ್ಲಿ ಸಾಗುವ ದಾರಿಯನ್ನು ಮನೆಯಲ್ಲಿ ಕುಳಿತೇ ಗೊತ್ತುಮಾಡಿಕೊಳ್ಳಲು ನಾನು ಹಲವು ವರ್ಷಗಳಿಂದ ಎರಡು ನಕ್ಷೆಗಳನ್ನು ಜೊತೆಯಾಗಿ ಬಳಸುತ್ತ ಬಂದಿದ್ದೇನೆ. ಒಂದು, ಸರ್ವೇ ಆಫ್ ಇಂಡಿಯಾ ಪ್ರಕಟಿಸಿರುವ 1:50,000 ಪ್ರಮಾಣದ ಓಪನ್ ಸೀರೀಸ್ ಟೋಪೋಶೀಟ್, ಅಂದರೆ ನೆಲದ ಏರಿಳಿತವನ್ನೂ ತೋರಿಸುವ ನಕ್ಷೆಯ ಹಾಳೆ. ಇನ್ನೊಂದು, ಸ್ವಯಂಸೇವಕರು ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು ಆಧರಿಸಿ ಸಿದ್ಧವಾಗುವ ಓಪನ್‌ಟೋಪೋಮ್ಯಾಪ್. ಎರಡೂ ಅಂತರ್ಜಾಲದಲ್ಲಿ ಹಣ ಕೊಡದೆ ಸಿಗುತ್ತವೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳುವವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೆಲದ ಏರಿಳಿತ ಮತ್ತು ಹಳ್ಳಕೊಳ್ಳಗಳ ವಿಷಯದಲ್ಲಿ ಟೋಪೋಶೀಟಿನ ಮಾತನ್ನು ನಂಬಬೇಕು; ರಸ್ತೆ ಮತ್ತು ಕಾಲುದಾರಿಗಳ ವಿಷಯದಲ್ಲಿ ಓಪನ್‌ಟೋಪೋಮ್ಯಾಪ್ ಹೇಳುವುದನ್ನು ಮೊದಲು ಕೇಳಬೇಕು; ಆ ದಾರಿಯಲ್ಲಿ ನಡೆಯಲು ನಮಗೆ ಹಕ್ಕಿದೆಯೇ ಎಂಬ ಪ್ರಶ್ನೆಗೆ ಎರಡರಲ್ಲೂ ಉತ್ತರ ಸಿಗುವುದಿಲ್ಲ.

ಟೋಪೋಶೀಟುಗಳು ನಮ್ಮಂತಹ ಸಾಮಾನ್ಯರ ಕೈಗೆ ಇಷ್ಟು ಸುಲಭವಾಗಿ ಸಿಗುತ್ತಿರುವುದು ತೀರಾ ಈಚಿನ ಬೆಳವಣಿಗೆ. 1767ರಲ್ಲಿ ಆರಂಭವಾದ ಸರ್ವೇ ಆಫ್ ಇಂಡಿಯಾ ಸಂಸ್ಥೆ ದೇಶದ ಉದ್ದಗಲವನ್ನು ಅಳೆದಿದ್ದರೂ ಗಡಿ ಮತ್ತು ಕರಾವಳಿಗೆ ಹತ್ತಿರವಿರುವ ಪ್ರದೇಶಗಳ ದೊಡ್ಡ ಪ್ರಮಾಣದ ಹಾಳೆಗಳು ಬಹುಕಾಲ ನಿರ್ಬಂಧಿತ ವರ್ಗದಲ್ಲಿದ್ದವು. ನಮ್ಮ ಪಶ್ಚಿಮ ಘಟ್ಟವು ಕಡಲಿನಿಂದ ಬಹಳ ದೂರವಿಲ್ಲದ ಕಾರಣ, ನಡೆಯುವವರಿಗೆ ಅತ್ಯಂತ ಅಗತ್ಯವಾದ ಹಾಳೆಗಳೇ ಆ ನಿರ್ಬಂಧಕ್ಕೆ ಒಳಪಟ್ಟಿದ್ದವು. 2005ರ ರಾಷ್ಟ್ರೀಯ ನಕ್ಷಾ ನೀತಿಯು ರಕ್ಷಣಾ ಪಡೆಗಳಿಗೆ ಒಂದು ಸರಣಿ, ಸಾರ್ವಜನಿಕರಿಗೆ ಇನ್ನೊಂದು ಸರಣಿ ಎಂದು ವಿಂಗಡಿಸಿತು. ಆ ಎರಡನೆಯದೇ ಓಪನ್ ಸೀರೀಸ್. 2017ರಲ್ಲಿ ‘ನಕ್ಷೆ’ ಎಂಬ ಜಾಲತಾಣದ ಮೂಲಕ ಈ ಹಾಳೆಗಳು ಪಿಡಿಎಫ್ ರೂಪದಲ್ಲಿ ಉಚಿತವಾಗಿ ದೊರೆಯತೊಡಗಿದವು. ಈಗ ಸಂಸ್ಥೆಯ ಆನ್‌ಲೈನ್ ನಕ್ಷೆಗಳ ತಾಣದಲ್ಲಿ ಹೆಸರು ನೋಂದಾಯಿಸಿಕೊಂಡು ಇಳಿಸಿಕೊಳ್ಳಬಹುದು.

ಬೇಕಾದ ಹಾಳೆಯನ್ನು ಹುಡುಕುವ ಕ್ರಮವನ್ನು ಒಮ್ಮೆ ಅರ್ಥಮಾಡಿಕೊಂಡರೆ ಮುಂದೆ ತೊಡಕಿಲ್ಲ. ಪ್ರತಿ ಹಾಳೆಯೂ ಅಕ್ಷಾಂಶ, ರೇಖಾಂಶಗಳಲ್ಲಿ 15 ಮಿನಿಟುಗಳ ಚೌಕ; ನಮ್ಮ ಕಡೆ ಅದು ಸುಮಾರು 27 ಕಿಲೋಮೀಟರ್ ಉದ್ದಗಲಕ್ಕೆ ಸಮ. ಹೊಸ ಸರಣಿಯಲ್ಲಿ 12ರಿಂದ 16 ಡಿಗ್ರಿ ಉತ್ತರ ಅಕ್ಷಾಂಶ ಹಾಗೂ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದ ನಡುವಿನ ಪ್ರದೇಶಕ್ಕೆಲ್ಲ ಡಿ43 ಎಂಬ ಮೂಲ ಸಂಖ್ಯೆಯಿದೆ. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಮಲೆನಾಡು ಇದರೊಳಗೇ ಬರುತ್ತದೆ. ಕೊಡಗಿನ ದಕ್ಷಿಣದ ಅಂಚಿಗೆ ಮಾತ್ರ ಸಿ43ರ ಹಾಳೆ ಬೇಕು. ಹಳೆಯ ವರದಿಗಳಲ್ಲಿ 48 ಮತ್ತು 57 ಎಂಬ ಸಂಖ್ಯೆಗಳಿಂದ ಆರಂಭವಾಗುವ ಹಾಳೆಗಳ ಉಲ್ಲೇಖ ಕಂಡರೆ ಅವು ಹಿಂದಿನ ಸರಣಿಯವೆಂದು ತಿಳಿಯಬೇಕು. ಹಿಂದಿನ ಸರಣಿಯು ಭೂಮಿಯ ಆಕಾರಕ್ಕೆ ಬೇರೊಂದು ಲೆಕ್ಕವನ್ನು ಆಧಾರವಾಗಿಟ್ಟುಕೊಂಡಿದ್ದರಿಂದ ಅದರ ಅಕ್ಷಾಂಶ, ರೇಖಾಂಶಗಳು ಇಂದಿನ ಜಿಪಿಎಸ್ ತೋರಿಸುವುದಕ್ಕೆ ನೇರವಾಗಿ ಹೊಂದುವುದಿಲ್ಲ. ಓಪನ್ ಸೀರೀಸ್ ಹಾಳೆಗಳು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್84 ಆಧಾರದಲ್ಲಿಯೇ ಇರುವುದರಿಂದ ಫೋನಿನಲ್ಲಿ ಕಂಡ ಸ್ಥಾನವನ್ನು ಹಾಳೆಯ ಮೇಲೆ ನೇರವಾಗಿ ಗುರುತಿಸಬಹುದು. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಹಾಳೆಯ ನಾಲ್ಕು ಮೂಲೆಗಳ ಅಕ್ಷಾಂಶ, ರೇಖಾಂಶಗಳನ್ನು ಕೊಟ್ಟರೆ ಪಿಡಿಎಫ್ ಕೂಡ ಸರಿಯಾದ ಜಾಗದಲ್ಲಿ ಕೂರುತ್ತದೆ. ಸ್ವಲ್ಪ ತಾಳ್ಮೆ ಬೇಡುವ ಕೆಲಸವಾದರೂ ಒಂದು ಹಾಳೆಗೆ ಒಮ್ಮೆ ಮಾಡಿದರೆ ಸಾಕು.

ಹಾಳೆಯ ನಿಜವಾದ ಬೆಲೆ ಇರುವುದು ಕಂದು ಬಣ್ಣದ ಸಮೋನ್ನತಿ ರೇಖೆಗಳಲ್ಲಿ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳಲ್ಲಿ. ಒಂದು ರೇಖೆಗೂ ಮುಂದಿನದಕ್ಕೂ 20 ಮೀಟರ್ ಎತ್ತರದ ಅಂತರವಿದ್ದು, ಪ್ರತಿ ಐದನೆಯ ರೇಖೆ ದಪ್ಪಗಿರುತ್ತದೆ. ಈ ಪ್ರಮಾಣದಲ್ಲಿ 2 ಸೆಂಟಿಮೀಟರ್ ಎಂದರೆ 1 ಕಿಲೋಮೀಟರ್. ಆದ್ದರಿಂದ ಎರಡು ದಪ್ಪ ರೇಖೆಗಳ ನಡುವೆ ಒಂದು ಸೆಂಟಿಮೀಟರ್ ಇದ್ದರೆ ಅರ್ಧ ಕಿಲೋಮೀಟರಿನಲ್ಲಿ 100 ಮೀಟರ್ ಏರಬೇಕೆಂದು ಅರ್ಥ, ಅದು ಉಸಿರು ಹಿಡಿಯುವ ಏರು. ಅವೇ ರೇಖೆಗಳು ಅರ್ಧ ಸೆಂಟಿಮೀಟರಿಗೆ ಬಂದರೆ ಮಕ್ಕಳನ್ನಾಗಲಿ ವಯಸ್ಸಾದವರನ್ನಾಗಲಿ ಆ ಕಡೆಯಿಂದ ಹತ್ತಿಸುವ ಯೋಚನೆಯನ್ನು ಬಿಟ್ಟು, ಗುಡ್ಡದ ಬೆನ್ನು ಯಾವ ದಿಕ್ಕಿಗೆ ನಿಧಾನವಾಗಿ ಇಳಿದಿದೆಯೆಂದು ಹುಡುಕಬೇಕು. ಮುಳ್ಳಯ್ಯನಗಿರಿ ಇರುವ ಬಾಬಾಬುಡನ್ ಶ್ರೇಣಿಯ ಹಾಳೆಯನ್ನು ಹರಡಿಕೊಂಡು ನೋಡಿದರೆ, ಅರ್ಧಚಂದ್ರದಂತೆ ಬಾಗಿದ ಆ ಶ್ರೇಣಿಯಲ್ಲಿ ಎಲ್ಲಿ ಕಡಿದಾದ ಇಳಿಜಾರಿದೆ, ಎಲ್ಲಿ ಬೆನ್ನಿನ ಮೇಲೆ ಸಲೀಸಾಗಿ ನಡೆಯಬಹುದು ಎಂಬುದು ಬರಿಯ ರೇಖೆಗಳ ದಟ್ಟಣೆಯಿಂದಲೇ ತಿಳಿಯುತ್ತದೆ.

ನಡಿಗೆಗೆ ತಗಲುವ ಹೊತ್ತನ್ನು ಲೆಕ್ಕಹಾಕಲು ಸ್ಕಾಟ್ಲೆಂಡಿನ ವಿಲಿಯಂ ನೇಯ್‌ಸ್ಮಿತ್ 1892ರಲ್ಲಿ ಹೇಳಿದ ಸೂತ್ರವನ್ನು ಇಂದಿಗೂ ಬಳಸುತ್ತಾರೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಕಾಡುದಾರಿಗಳಿಗೆ ಈ ವೇಗ ಹೊಂದುವುದಿಲ್ಲವೆಂಬುದು ನನ್ನ ಅನುಭವ. ಗಂಟೆಗೆ 3 ಕಿಲೋಮೀಟರ್ ಎಂದು ಹಿಡಿದರೆ ಲೆಕ್ಕ ನಿಜಕ್ಕೆ ಹತ್ತಿರ ಬರುತ್ತದೆ. ಮಳೆಗಾಲದಲ್ಲಿ ಇಂಬಳ ಕಿತ್ತುಹಾಕುತ್ತ ನಡೆಯುವಾಗ ಅದೂ ಹೆಚ್ಚೇ.

ನೀರಿನ ವಿಷಯದಲ್ಲಿ ಟೋಪೋಶೀಟಿಗೆ ಸಾಟಿಯಾದದ್ದು ನನಗೆ ಇನ್ನೂ ಸಿಕ್ಕಿಲ್ಲ. ವರ್ಷವಿಡೀ ಹರಿಯುವ ಹೊಳೆಗಳು ನೀಲಿಯಲ್ಲಿ, ಬೇಸಿಗೆಯಲ್ಲಿ ಬತ್ತುವ ಹಳ್ಳಗಳು ಕಪ್ಪು ಗೆರೆಯಲ್ಲಿ ಇರುತ್ತವೆ. ದಡದ ಪಕ್ಕದಲ್ಲಿ ಅಂಕಿಯೊಂದರ ಮುಂದೆ ಇಂಗ್ಲಿಷಿನ ‘ಆರ್’ ಅಕ್ಷರ ಕಂಡರೆ ಅದು ಸುತ್ತಲಿನ ನೆಲಕ್ಕೆ ಹೋಲಿಸಿದ ಎತ್ತರ ಅಥವಾ ಆಳವನ್ನು ಮೀಟರಿನಲ್ಲಿ ಹೇಳುತ್ತದೆ. ಸಮೋನ್ನತಿ ರೇಖೆಗಳ ನಡುವಿನ 20 ಮೀಟರಿನಲ್ಲಿ ಅಡಗಿಹೋಗಬಹುದಾದ ದರೆಯೊಂದು ಈ ಪುಟ್ಟ ಅಂಕಿಯಿಂದಾಗಿ ಮುಂಚಿತವಾಗಿಯೇ ತಿಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ನೀರು ತುಂಬಿಕೊಳ್ಳುವ ಜಾಗವನ್ನು ನೀಲಿ ಗೆರೆ ನೋಡಿ ಗೊತ್ತುಮಾಡಬೇಕು; ಜುಲೈ ತಿಂಗಳಲ್ಲಾದರೆ ಕಪ್ಪು ಗೆರೆಗಳನ್ನೂ ತುಂಬಿದ ಹಳ್ಳಗಳೆಂದೇ ಎಣಿಸಿ, ದಾರಿ ಅವುಗಳನ್ನು ಎಲ್ಲಿ ದಾಟುತ್ತದೆ, ಅಲ್ಲಿ ಸೇತುವೆ ಇದೆಯೇ ಎಂದು ನೋಡಬೇಕು. ಅಡಿಕೆ ಮರದ ಕಾಲುಸಂಕಗಳನ್ನು ಯಾವ ನಕ್ಷೆಯೂ ನೆಚ್ಚಿಕೊಳ್ಳುವಂತೆ ತೋರಿಸಲಾರದು, ಏಕೆಂದರೆ ಪ್ರವಾಹಕ್ಕೆ ಅವು ಕೊಚ್ಚಿಹೋಗುತ್ತವೆ, ಊರವರು ಮತ್ತೆ ಬೇರೆ ಕಡೆ ಹಾಕಿಕೊಳ್ಳುತ್ತಾರೆ.

ಬೆಟ್ಟ ಒಂದು ತಲೆಮಾರಿನಲ್ಲಿ ಬದಲಾಗುವುದಿಲ್ಲ, ಆದರೆ ದಾರಿ ಬದಲಾಗುತ್ತದೆ. ಹಾಳೆಯ ಅಂಚಿನಲ್ಲಿ ಸರ್ವೇಕ್ಷಣೆಯ ವರ್ಷವನ್ನು ಮುದ್ರಿಸಿರುತ್ತಾರೆ. ಹಾಳೆ ತೆರೆದ ಕೂಡಲೇ ನಾನು ನೋಡುವುದು ಅದನ್ನೇ. ಕೆಂಪು ಚುಕ್ಕೆಗಳ ಕಾಲುದಾರಿ ಆ ವರ್ಷದ್ದು. ಅಂದಿನ ಗಾಡಿದಾರಿ ಇಂದು ಡಾಂಬರು ರಸ್ತೆಯಾಗಿರಬಹುದು, ಶಾಲೆಗೆ ಮಕ್ಕಳು ನಡೆದು ಹೋಗುತ್ತಿದ್ದ ಒಳದಾರಿ ಬಸ್ಸು ಬಂದ ಮೇಲೆ ಲಂಟಾನ ಬೆಳೆದು ಮುಚ್ಚಿಹೋಗಿರಬಹುದು, ಹುಲ್ಲುಗುಡ್ಡವಾಗಿದ್ದದ್ದು ಅಕೇಶಿಯಾ ನೆಡುತೋಪಾಗಿರಬಹುದು. ಹೀಗಾಗಿ ಹಾಳೆಯ ಕಾಲುದಾರಿಯನ್ನು ‘ಇಲ್ಲಿ ಜನ ನಡೆಯುತ್ತಿದ್ದರು’ ಎಂಬ ಸಾಕ್ಷಿಯಾಗಿ ಮಾತ್ರ ತೆಗೆದುಕೊಳ್ಳುತ್ತೇನೆ. ಆ ಸಾಕ್ಷಿಗೂ ತೂಕವಿದೆ, ಏಕೆಂದರೆ ಹಿಂದಿನವರು ಘಟ್ಟ ಇಳಿಯಲು ಆರಿಸಿಕೊಂಡ ಜಾಗಗಳು ಬಹುಪಾಲು ರೇಖೆಗಳು ಸಡಿಲವಾಗಿರುವ ಕಡೆಯಲ್ಲೇ ಇವೆ.

ಇಲ್ಲಿಂದ ಮುಂದೆ ಓಪನ್‌ಟೋಪೋಮ್ಯಾಪ್ ನೆರವಿಗೆ ಬರುತ್ತದೆ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸ್ವಯಂಸೇವಕರು ಸೇರಿಸಿದ ರಸ್ತೆ, ಕಾಲುದಾರಿ, ಊರು, ದೇವಸ್ಥಾನಗಳನ್ನು ಜರ್ಮನಿಯ ಒಂದು ತಂಡ ಅಲ್ಲಿನ ಟೋಪೋ ನಕ್ಷೆಗಳ ಶೈಲಿಯಲ್ಲಿ ಬಣ್ಣ, ನೆರಳು, ಸಮೋನ್ನತಿ ರೇಖೆಗಳೊಂದಿಗೆ ಬಿಡಿಸಿ ತೋರಿಸುತ್ತದೆ. ನೋಡಲು ಬಹಳ ಅಚ್ಚುಕಟ್ಟು. ಕುಮಾರಪರ್ವತ, ಕುದುರೆಮುಖದಂತಹ ಹೆಸರಾದ ಕಡೆಗಳಲ್ಲಿ ದಾರಿಗಳು ವಿವರವಾಗಿವೆ. ಆದರೆ ಯಾರೂ ಜಿಪಿಎಸ್ ಹಿಡಿದು ನಡೆಯದ ಹಳ್ಳಿಯ ಸುತ್ತ ನಕ್ಷೆ ಬಿಳಿದಾಗಿರುತ್ತದೆ. ಬಿಳಿದಾಗಿದೆ ಎಂದ ಮಾತ್ರಕ್ಕೆ ಅಲ್ಲಿ ದಾರಿಯಿಲ್ಲವೆಂದು ತಿಳಿಯಬಾರದು.

ಅದರ ಸಮೋನ್ನತಿ ರೇಖೆಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅವು ಯಾವ ಸರ್ವೇಯರೂ ನೆಲದ ಮೇಲೆ ನಿಂತು ಅಳೆದವಲ್ಲ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನಗಳ ಯಾನದಲ್ಲಿ ರೇಡಾರಿನಿಂದ ಸಂಗ್ರಹಿಸಿದ ಎತ್ತರದ ಮಾಹಿತಿಯಿಂದ ಗಣಕಯಂತ್ರ ಎಳೆದವು. ಆ ಮಾಹಿತಿಯ ಒಂದೊಂದು ಚೌಕವೂ ಸುಮಾರು 30 ಮೀಟರ್ ಅಗಲದ್ದು. ಬಯಲುಸೀಮೆಯ ಬೋಳುಗುಡ್ಡಗಳಿಗೆ ಇದು ಸಾಕಷ್ಟಾಯಿತು. ಮಲೆನಾಡಿನಲ್ಲಿ ಎರಡು ತೊಡಕುಗಳು ಹುಟ್ಟುತ್ತವೆ. ರೇಡಾರಿನ ಅಲೆಗಳು ದಟ್ಟವಾದ ಕಾನಿನಲ್ಲಿ ನೆಲದವರೆಗೆ ಇಳಿಯದೆ ಮರಗಳ ಮೇಲಾವರಣದಿಂದಲೇ ಬಹುಮಟ್ಟಿಗೆ ಹಿಂದಿರುಗುವುದರಿಂದ ಅಲ್ಲಿನ ಎತ್ತರದಲ್ಲಿ ಮರದ ಎತ್ತರದ ಒಂದು ಪಾಲೂ ಸೇರಿಕೊಂಡಿರುತ್ತದೆ. ಹುಲ್ಲುಗುಡ್ಡದ ಮಡಿಲಿನಲ್ಲಿ ಶೋಲಾ ಕಾಡು ತುಂಬಿರುವ ಕಡೆ, ಹಳ್ಳದ ಕೊರಕಲು ಇರುವಷ್ಟು ಆಳವಾಗಿ ಕಾಣದೆ ಸಾಧಾರಣ ತಗ್ಗಿನಂತೆ ತೋರುವುದು ಇದರಿಂದಲೇ. ಎರಡನೆಯದಾಗಿ, ಕಡಿದಾದ ಬಂಡೆಗೋಡೆಯೊಂದು 30 ಮೀಟರ್ ಚೌಕದ ಸರಾಸರಿಯಲ್ಲಿ ಕರಗಿ ಬರಿಯ ಇಳಿಜಾರಾಗುತ್ತದೆ. ಆರುನೂರು ಮೀಟರಿಗೂ ಮೇಲಿರುವ ಆಗುಂಬೆಯಿಂದ ಸೋಮೇಶ್ವರದ ಕಡೆಗೆ ನೆಲ ಕುಸಿದು ಇಳಿಯುವ ಘಟ್ಟದ ಅಂಚಿನಂತಹ ಜಾಗದಲ್ಲಿ ಈ ಮೃದುವಾದ ರೇಖೆಗಳನ್ನು ನೋಡಿ ‘ಇಲ್ಲಿ ಇಳಿಯಬಹುದು’ ಎಂದು ತೀರ್ಮಾನಿಸುವುದು ಅಪಾಯಕರ. ಪರದೆಯ ಮೇಲೆ ಹಿಗ್ಗಿಸಿದಷ್ಟೂ ರೇಖೆಗಳು ನುಣುಪಾಗಿ, ನಿಖರವಾಗಿರುವಂತೆ ಕಾಣುತ್ತವೆ, ಆದರೆ ಹಿಗ್ಗಿಸುವುದರಿಂದ ಮೂಲ ಮಾಹಿತಿಗೆ ಹೊಸದೇನೂ ಸೇರುವುದಿಲ್ಲ. ಟೋಪೋಶೀಟಿನ ರೇಖೆಗಳು ವೈಮಾನಿಕ ಛಾಯಾಚಿತ್ರ ಮತ್ತು ನೆಲದ ಮೇಲಿನ ಸರ್ವೇಕ್ಷಣೆಯಿಂದ ಮೂಡಿದವು. 20 ಮೀಟರ್ ಅಂತರದ್ದಾದರೂ ಕೊರಕಲು ಮತ್ತು ಕಡಿದಾದ ಅಂಚುಗಳ ವಿಷಯದಲ್ಲಿ ಅವೇ ಹೆಚ್ಚು ನಂಬಿಕೆಗೆ ಅರ್ಹ.

ನಡೆಯುವಾಗ ಕೈಯಲ್ಲಿರಬೇಕಾದದ್ದು ಬೇರೆಯೇ ಮಾತು. ಘಟ್ಟದ ಬಹುಪಾಲು ಕಡೆ ನೆಟ್‌ವರ್ಕ್ ಇಲ್ಲದಿರುವುದರಿಂದ ಜಾಲತಾಣವಾಗಿರುವ ಓಪನ್‌ಟೋಪೋಮ್ಯಾಪ್ ಅಲ್ಲಿ ಉಪಯೋಗಕ್ಕೆ ಬಾರದು. ಅದೇ ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯನ್ನು ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಂಆಂಡ್ ಆ್ಯಪಿನಲ್ಲಿ ಕರ್ನಾಟಕದ ಭಾಗವನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಬೇಕು. ಎರಡರಲ್ಲೂ ಸಮೋನ್ನತಿ ರೇಖೆಗಳನ್ನು ಕಾಣುವಂತೆ ಮಾಡಿಕೊಳ್ಳಬಹುದು. ಆಯ್ದ ದಾರಿಯನ್ನು ಜಿಪಿಎಕ್ಸ್ ಎಂಬ, ದಾರಿಯ ಬಿಂದುಗಳನ್ನು ದಾಖಲಿಸುವ ಕಡತವಾಗಿ ಅದರೊಳಗೆ ಸೇರಿಸಿಟ್ಟುಕೊಳ್ಳುತ್ತೇನೆ. ಅದರೊಂದಿಗೆ ಟೋಪೋಶೀಟಿನ ಬೇಕಾದ ಭಾಗವನ್ನು ಪ್ರಮಾಣ ಬದಲಾಗದಂತೆ ಕಾಗದದ ಮೇಲೆ ಮುದ್ರಿಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಳ್ಳುತ್ತೇನೆ. ಮಳೆಯಲ್ಲಿ ಒದ್ದೆ ಬೆರಳಿಗೆ ಫೋನಿನ ಪರದೆ ಸ್ಪಂದಿಸದಿದ್ದಾಗ ಈ ಕಾಗದವೇ ದಾರಿ ತೋರಿಸುತ್ತದೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ನ ಇನ್ನೊಂದು ಗುಣ ನನಗೆ ಬಹಳ ಪ್ರಿಯ. ಊರು, ಹಳ್ಳ, ಗುಡ್ಡಗಳ ಹೆಸರನ್ನು ಕನ್ನಡದಲ್ಲಿಯೇ ಸೇರಿಸಲು ಅದರಲ್ಲಿ ಅವಕಾಶವಿದೆ. ಊರಿನ ಹಿರಿಯರು ಮಾತ್ರ ಬಲ್ಲ ಗುಡ್ಡದ ಹೆಸರನ್ನು ಕೇಳಿ ತಿಳಿದು ಅಲ್ಲಿ ದಾಖಲಿಸಿದರೆ ಮುಂದೆ ನಡೆಯುವವರಿಗೆ ಅದು ದಕ್ಕುತ್ತದೆ. ನಕ್ಷೆಯನ್ನು ಉಚಿತವಾಗಿ ಬಳಸುವ ನಾವು ಇಷ್ಟನ್ನಾದರೂ ಹಿಂದಿರುಗಿಸಬೇಕೆಂಬುದು ನನ್ನ ಗಟ್ಟಿಯಾದ ಅನಿಸಿಕೆ.

ಹಳೆಯ ಭೂದೃಶ್ಯದಲ್ಲಿ ಆಸಕ್ತಿಯಿರುವವರು ಅಮೆರಿಕದ ಸೇನಾ ನಕ್ಷಾ ವಿಭಾಗ ತಯಾರಿಸಿದ ಯು502 ಸರಣಿಯ 1:250,000 ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ನೋಡಬಹುದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗೆ ಮುಂಚಿನ ಹಾಳೆಗಳಲ್ಲಿ ಶರಾವತಿ ಕಣಿವೆಯ ಇಂದಿನ ವಿಶಾಲ ಹಿನ್ನೀರು ಇಲ್ಲ. ನಡಿಗೆಯ ಯೋಜನೆಗೆ ಈ ಪ್ರಮಾಣ ತೀರಾ ಚಿಕ್ಕದು.

ಕೊನೆಯದಾಗಿ ಹಕ್ಕಿನ ಪ್ರಶ್ನೆ. ಇಂಗ್ಲೆಂಡಿನ ಆರ್ಡ್ನೆನ್ಸ್ ಸರ್ವೇ ನಕ್ಷೆಗಳಲ್ಲಿ ಸಾರ್ವಜನಿಕರು ಕಾನೂನಿನಂತೆ ನಡೆಯಬಹುದಾದ ಕಾಲುದಾರಿಗಳನ್ನು ಪ್ರತ್ಯೇಕ ಬಣ್ಣದಲ್ಲಿ ಗುರುತಿಸಿರುತ್ತಾರೆ. ನಮ್ಮಲ್ಲಿ ಅಂತಹ ಗುರುತಿಲ್ಲ. ಟೋಪೋಶೀಟಿನಲ್ಲಿ ಮೀಸಲು ಅರಣ್ಯದ ಗಡಿ ಮತ್ತು ‘ಆರ್‌ಎಫ್’ ಎಂಬ ಅಕ್ಷರಗಳು ಇರುವುದರಿಂದ ಅರಣ್ಯ ಇಲಾಖೆಯನ್ನು ಎಲ್ಲಿ ಕೇಳಬೇಕೆಂಬುದು ತಿಳಿಯುತ್ತದೆ. ಅದರ ಹೊರಗಿನ ಜಮೀನಿಗೆ ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ನೆರವಾಗುತ್ತದೆ: ನಿಂತ ಜಾಗದ ಸರ್ವೇ ನಂಬರನ್ನು ಅದು ತೋರಿಸುತ್ತದೆ, ಅಲ್ಲಿಂದ ಅದು ಖಾಸಗಿ ಹಿಡುವಳಿಯೋ ಸರ್ಕಾರಿ ನೆಲವೋ ಎಂದು ವಿಚಾರಿಸಬಹುದು. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದಲ್ಲಿ ಜನ ವಿಪರೀತವಾಗಿ ಸೇರಿದ ಬಳಿಕ ಚಾರಣದ ಮೇಲಿನ ನಿಯಮಗಳು ಬಿಗಿಯಾಗಿವೆ, ಹೆಸರಾದ ಚಾರಣದಾರಿಗಳಿಗೆ ಆನ್‌ಲೈನಿನಲ್ಲಿ ಮೊದಲೇ ಟಿಕೆಟ್ ಪಡೆಯಬೇಕು. ಹಳ್ಳಿಯ ಒಳದಾರಿಗಳಿಗೆ ಟಿಕೆಟ್ ಇಲ್ಲ. ಆದರೆ ದಾರಿ ಅಡಿಕೆ ತೋಟದೊಳಗೆ ಹಾದುಹೋಗುವಂತಿದ್ದರೆ ಮನೆಯವರನ್ನು ಕೇಳಿಯೇ ಮುಂದೆ ಹೋಗಬೇಕು, ದಾಟಿದ ಉಣುಗೋಲನ್ನು ದನ ನುಗ್ಗದಂತೆ ಮತ್ತೆ ಹಾಕಿಯೇ ಹೊರಡಬೇಕು.